ಗೃಹಸಾಲದ ಕಂತು ತಪ್ಪುತ್ತಿದೆಯೇ? ಹರಾಜಿಗೆ ಮುನ್ನ ಇರುವ ದಾರಿಗಳು

ಕಂತು ಬಾಕಿಯಾಗಿ 90 ದಿನ ದಾಟಿದರೆ ಸಾಲ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ. ಆಮೇಲೆ ಬ್ಯಾಂಕು ಅಡವಿಟ್ಟ ಆಸ್ತಿಯನ್ನು ವಶಪಡಿಸಿಕೊಂಡು ಮಾರಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆಯ 13(2)ನೇ ಸೆಕ್ಷನ್‌ನಡಿ, ಬಾಕಿ ಕಟ್ಟುವಂತೆ 60 ದಿನಗಳ ನೋಟಿಸ್ ಕೊಡಬಹುದು. ಸುಲಭದ ದಾರಿಗಳೆಲ್ಲ ಇರುವುದು ಆ ಮೊದಲ 90 ದಿನಗಳಲ್ಲೇ.

ಮೊದಲು ಅವಧಿ ಹೆಚ್ಚಿಸಲು ಕೇಳಿ. ಕೆಲಸ ಹೋದ ಪತ್ರವೋ ಆಸ್ಪತ್ರೆ ಬಿಲ್ಲೋ ಲಗತ್ತಿಸಿ ಶಾಖೆಗೆ ಅರ್ಜಿ ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ರಿಕವರಿ ಏಜೆಂಟರ ಬಾಯಿಮಾತು ಲೆಕ್ಕಕ್ಕಿಲ್ಲ. ಶೇ 9 ಬಡ್ಡಿಯಲ್ಲಿ ₹30 ಲಕ್ಷ ಅಸಲು, 15 ವರ್ಷ ಬಾಕಿಯಿದ್ದರೆ ಕಂತು ಸುಮಾರು ₹30,430. ಅವಧಿಯನ್ನು 25 ವರ್ಷಕ್ಕೆ ಏರಿಸಿದರೆ ₹25,180. ತಿಂಗಳಿಗೆ ಐದು ಸಾವಿರ ಉಳಿಯುತ್ತದೆ, ಒಟ್ಟು ಬಡ್ಡಿ ಮಾತ್ರ 20 ಲಕ್ಷಕ್ಕೂ ಹೆಚ್ಚು ಏರುತ್ತದೆ. ಸಂಬಳ ಪೂರ್ತಿ ನಿಂತವರಿಗೆ ಇದು ಪರಿಹಾರವೇ ಅಲ್ಲ.

ನೋಟಿಸ್ ಬಂದರೆ ಲಿಖಿತ ಆಕ್ಷೇಪಣೆ ಕೊಡಿ. ಬ್ಯಾಂಕು 15 ದಿನದೊಳಗೆ ಉತ್ತರಿಸಬೇಕು. ಆ ಉತ್ತರದ ವಿರುದ್ಧ ಮೇಲ್ಮನವಿ ಇಲ್ಲ. ಸ್ವಾಧೀನಕ್ಕೆ ಕ್ರಮ ಕೈಗೊಂಡ ಮೇಲಷ್ಟೇ, 45 ದಿನದೊಳಗೆ, ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದು.

ಮನೆ ಉಳಿಯುವುದಿಲ್ಲ ಎನಿಸಿದರೆ ನೀವೇ ಮಾರಿ. ಹರಾಜಿಗಿಂತ ಸಾಮಾನ್ಯವಾಗಿ ಒಳ್ಳೆಯ ಬೆಲೆ ಬರುತ್ತದೆ. ಹರಾಜಿನ ಹಣ ಸಾಲಕ್ಕೆ ಸಾಲದಿದ್ದರೆ ಉಳಿದದ್ದು ನಿಮ್ಮ ತಲೆಯ ಮೇಲೆಯೇ. 13(2) ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ, ಇದನ್ನೇ ಬಹಳ ಮಂದಿ ಮರೆಯುತ್ತಾರೆ. ಬಾಕಿಯ ಸ್ಟೇಟ್‌ಮೆಂಟ್ ಮತ್ತು ಮೂಲ ದಾಖಲೆಗಳ ಪಟ್ಟಿಯನ್ನು ಬ್ಯಾಂಕಿನಿಂದ ಪಡೆದು ಖರೀದಿದಾರರಿಗೆ ತೋರಿಸಿ. ಕರಾರು ಪತ್ರದಲ್ಲಿ ಸಾಲದ ವಿವರ ಬರೆಸಿ. ಹಣವನ್ನು ನಿಮ್ಮ ಉಳಿತಾಯ ಖಾತೆಗಲ್ಲ, ನೇರ ಸಾಲದ ಖಾತೆಗೆ ಹಾಕಿಸಿ. ನಡುವೆ ಬೇರೆ ಖರ್ಚಿಗೆ ಜಾರಿದರೆ ವ್ಯವಹಾರ ಮುರಿಯುತ್ತದೆ. ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲ ಪತ್ರಗಳನ್ನು ಕೊಡಬೇಕು. ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮವಿದೆ. ಅಡಮಾನ ನೋಂದಣಿಯಾಗಿದ್ದರೆ ಅದರ ಬಿಡುಗಡೆಯನ್ನೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಇಲ್ಲವಾದರೆ ಇಸಿಯಲ್ಲಿ (ಆಸ್ತಿಯ ಋಣಭಾರ ಪ್ರಮಾಣಪತ್ರದಲ್ಲಿ) ಹಳೆಯ ಸಾಲ ಕಾಣುತ್ತಲೇ ಇರುತ್ತದೆ.

ಒನ್ ಟೈಮ್ ಸೆಟಲ್‌ಮೆಂಟ್, ಅಂದರೆ ಬಾಕಿಗಿಂತ ಕಡಿಮೆ ಮೊತ್ತ ಕಟ್ಟಿ ಸಾಲ ಮುಗಿಸುವ ಒಪ್ಪಂದ, ಕೊನೆಗಿರಲಿ. ಬ್ಯಾಂಕು ಒಪ್ಪಲೇಬೇಕೆಂದಿಲ್ಲ, ಒಪ್ಪಿದರೂ ನಿಮ್ಮ ಸಾಲದ ಇತಿಹಾಸ ತೋರಿಸುವ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಎಂದು ದಾಖಲಾಗಿ ಮುಂದಿನ ಸಾಲ ಕಷ್ಟವಾಗುತ್ತದೆ. ಮಂಜೂರಾತಿ ಪತ್ರ ಕೈಗೆ ಬರದೆ ಹಣ ಕಟ್ಟಬೇಡಿ, ಪತ್ರದಲ್ಲಿನ ಗಡುವು ತಪ್ಪಿಸಬೇಡಿ. ಬಾಕಿಯೆಲ್ಲ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಬೀಳುವವರೆಗೆ ಮಾತ್ರ. 2016ರ ತಿದ್ದುಪಡಿಗೆ ಮುಂಚೆ ಹರಾಜಿನ ದಿನದವರೆಗೂ ಸಮಯವಿತ್ತು, ಈಗಿಲ್ಲ.