ಹೆಬ್ಬೆಟ್ಟು ಒತ್ತುವ ಯಂತ್ರ ಹಾಕಿಸುವ ಮೊದಲು

2023ರಲ್ಲಿ ಮಂಗಳೂರಿನಲ್ಲಿ ಜಾಗ, ಮನೆ ನೋಂದಣಿ ಮಾಡಿಸಿದ್ದ ಹಲವರ ಬ್ಯಾಂಕ್ ಖಾತೆಯಿಂದ ದುಡ್ಡು ಹೋಗಿದ್ದು ನೆನಪಿದೆ ಅಲ್ವಾ? ಕಳ್ಳರು ಬಳಸಿದ್ದು ಆಧಾರ್ ಮೂಲಕ ಹಣ ತೆಗೆಯುವ ಎಇಪಿಎಸ್ ವ್ಯವಸ್ಥೆಯನ್ನು. ಅದಕ್ಕೆ ಒಟಿಪಿ ಬೇಕಿಲ್ಲ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇದ್ದರೆ ಸಾಕು. ಪಾಸ್‌ವರ್ಡ್ ಕಳುವಾದರೆ ಸಂಜೆಯೊಳಗೆ ಬದಲಿಸಬಹುದು. ಬೆರಳನ್ನು ಬದಲಿಸುವುದು ಹೇಗೆ?

ಈಗ ಕದ್ರಿಯ ಫ್ಲ್ಯಾಟ್ ಗೇಟಿನಿಂದ ಹಿಡಿದು ಮಣಿಪಾಲದ ಹಾಸ್ಟೆಲ್, ಬೈಕಂಪಾಡಿಯ ಕಾರ್ಖಾನೆವರೆಗೆ ಎಲ್ಲಿ ಬೇಕಾದರೂ ಬೆರಳು ಓದುವ ಯಂತ್ರ ಕೂತಿರಬಹುದು. ಹಾಕಿಸುವವರು ಅಸೋಸಿಯೇಷನ್ ಕಾರ್ಯದರ್ಶಿಯೋ, ಆಫೀಸಿನ ಮ್ಯಾನೇಜರೋ ಆಗಿರುತ್ತಾರೆ. ಹೆಚ್ಚಿನವರು ಬೆಲೆ ಕೇಳುತ್ತಾರೆ, ವಾರಂಟಿ ಕೇಳುತ್ತಾರೆ. ಬೆರಳಚ್ಚು ಎಲ್ಲಿ ಉಳಿಯುತ್ತದೆ ಎಂದು ಕೇಳುವವರು ಕಡಿಮೆ. ಆ ಪ್ರಶ್ನೆಯೇ ಮೊದಲು ಬರಬೇಕು.

ಮೊದಲು: ಚಿತ್ರ ಉಳಿಯಬಾರದು

ಬೆರಳಿನ ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ ಎಂಬ ಬಿಂದುಗಳನ್ನು ಯಂತ್ರ ಗುರುತಿಸಿ ಒಂದು ಟೆಂಪ್ಲೇಟ್ ಮಾಡಿಕೊಳ್ಳುತ್ತದೆ. ಹೋಲಿಸಲು ಇಷ್ಟು ಸಾಕು, ಚಿತ್ರವನ್ನು ಅಲ್ಲೇ ಅಳಿಸಬೇಕು. ಆದರೆ ಮಾರಾಟಗಾರರು 'ನಮ್ಮಲ್ಲಿ ಟೆಂಪ್ಲೇಟ್ ಮಾತ್ರ ಇರುವುದು' ಎಂದರೆ ಸುಮ್ನೆ ಒಪ್ಪಬೇಡಿ. ಟೆಂಪ್ಲೇಟಿನಿಂದಲೇ ಯಂತ್ರವನ್ನು ಏಮಾರಿಸುವಷ್ಟು ಚೆನ್ನಾಗಿ ಬೆರಳಚ್ಚನ್ನು ಮರಳಿ ಕಟ್ಟಬಹುದು ಎಂದು ಸಂಶೋಧಕರು ತೋರಿಸಿದ್ದಾರೆ.

ಪಾಸ್‌ವರ್ಡಿನ ಉಪಾಯ ಇಲ್ಲಿ ಯಾಕೆ ನಡೆಯುವುದಿಲ್ಲ?

ಪಾಸ್‌ವರ್ಡನ್ನು ಹ್ಯಾಶ್ ಮಾಡಿ, ಅಂದರೆ ಮರಳಿ ಬಿಡಿಸಲಾಗದ ಒಂದು ಸಾಲಾಗಿ ಬದಲಿಸಿ ಇಡುತ್ತಾರೆ. ಒಂದು ಅಕ್ಷರ ಬದಲಾದರೂ ಹ್ಯಾಶ್ ಪೂರ್ತಿ ಬದಲಾಗುತ್ತದೆ. ಬೆರಳು ಮಾತ್ರ ಎರಡು ಸಲ ಒಂದೇ ಥರ ಬರುವುದಿಲ್ಲ. ಮಳೆಗಾಲದಲ್ಲಿ ಒದ್ದೆ, ಬೇಸಿಗೆಯಲ್ಲಿ ಬೆವರು. ಗೇರುಬೀಜ ಕಾರ್ಖಾನೆಯಲ್ಲಿ ದುಡಿಯುವ ಹೆಂಗಸರ ಬೆರಳಿನ ಗೆರೆಗಳನ್ನು ಸಿಪ್ಪೆಯ ಎಣ್ಣೆಯೇ ಸವೆಸಿಬಿಡುತ್ತದೆ. ಹಾಗಾಗಿ ಇಲ್ಲಿ 'ಅದೇನಾ' ಎಂದು ಕೇಳಿದರೆ ಆಗದು, 'ಎಷ್ಟು ಹತ್ತಿರ ಇದೆ' ಎಂದು ನೋಡಬೇಕು.

ಗುಪ್ತ ಕೀ ಬೆರೆಸುವುದು

ಗುಪ್ತ ಕೀ ಎಂದರೆ ಗುರುತನ್ನು ಮರೆಮಾಡಲು ಅದರ ಜೊತೆ ಬೆರೆಸುವ ಗುಟ್ಟಿನ ಅಂಕೆಗಳ ಸಾಲು. ಇದನ್ನು ಒಂದು ಹಾಳೆಯಲ್ಲಿ ಬರೆದು ನೋಡಿ, ಚೆನ್ನಾಗಿ ಅರ್ಥವಾಗುತ್ತದೆ. ಬೆರಳಿಗಿಂತ ಕಣ್ಣಿನ ಲೆಕ್ಕ ಸರಳ, ಅದನ್ನೇ ನೋಡೋಣ. ಕಣ್ಣಿನ ಪಾಪೆಯ ಸುತ್ತಲಿನ ಐರಿಸ್ ಗುರುತನ್ನು 0 ಮತ್ತು 1ರ ಸಾಲಾಗಿ ಬರೆಯುತ್ತಾರೆ. ಕಂಪ್ಯೂಟರ್ ವಿಜ್ಞಾನಿ ಜಾನ್ ಡಾಗ್‌ಮನ್ ರೂಪಿಸಿದ ಪ್ರಸಿದ್ಧ ವಿಧಾನದಲ್ಲಿ 2048 ಅಂಕೆಗಳಿವೆ. ನಮಗೆ 8 ಸಾಕು.

ದಾಖಲಿಸಿದ ಗುರುತು: 10110100
ಗುಪ್ತ ಕೀ: 01101001

ಕೀಯಲ್ಲಿ 1 ಇರುವ ಕಡೆ ಗುರುತಿನ ಅಂಕೆಯನ್ನು ತಿರುಗಿಸಿ, 0 ಇರುವ ಕಡೆ ಹಾಗೇ ಬಿಡಿ. ಸಿಗುವುದು 11011101. ದಾಖಲೆ ಇಡುವ ಕಂಪ್ಯೂಟರಿನಲ್ಲಿ, ಅಂದರೆ ಸರ್ವರ್‌ನಲ್ಲಿ, ಉಳಿಯಬೇಕಾದದ್ದು ಇದು ಮಾತ್ರ.

ಮರುದಿನ ಅದೇ ವ್ಯಕ್ತಿ ಬಂದಾಗ ಒಂದು ಅಂಕೆ ಹೆಚ್ಚುಕಮ್ಮಿಯಾಗಿ 10110110 ಎಂದು ಓದಿತು ಎನ್ನಿ. ಅದೇ ಕೀ ಬೆರೆಸಿದರೆ 11011111. ಈಗ ಬೆರೆಸಿದ ಎರಡು ಸಾಲುಗಳನ್ನು ಹೋಲಿಸಿ: ವ್ಯತ್ಯಾಸ ಒಂದೇ ಅಂಕೆ. ಮೂಲದಲ್ಲೂ ಒಂದೇ ಇತ್ತು! ಸರ್ವರ್‌ಗೆ ನಿಜವಾದ ಗುರುತೂ ಗೊತ್ತಿಲ್ಲ, ಕೀಯೂ ಗೊತ್ತಿಲ್ಲ. ಆದರೂ ಎಷ್ಟು ಹತ್ತಿರ ಇದೆ ಎಂದು ಸರಿಯಾಗಿ ಹೇಳುತ್ತದೆ. ಇದು ನನಗೆ ತುಂಬ ಇಷ್ಟವಾದ ಉಪಾಯ.

ಕದ್ದರು ಅಂತಿಟ್ಟುಕೊಳ್ಳಿ. ಹಳೆ ಸಾಲನ್ನು ಅಳಿಸಿ, ಹೊಸ ಕೀ ಕೊಟ್ಟು, ಮತ್ತೆ ದಾಖಲಿಸಿದರಾಯಿತು. ಬೆರಳಚ್ಚು, ಮುಖವನ್ನೂ ಹೀಗೆ ರದ್ದು ಮಾಡಬಹುದಾದ ರೂಪದಲ್ಲಿ ಇಡುವ ದಾರಿಯನ್ನು ಐಬಿಎಂ ಸಂಶೋಧಕರು 2001ರಲ್ಲೇ ವಿವರಿಸಿದ್ದರು. ಅವುಗಳ ಲೆಕ್ಕ ಇಷ್ಟು ಸರಳವಲ್ಲ, ತತ್ವ ಮಾತ್ರ ಇದೇ.

ಕೀ ಎಲ್ಲಿಡಬೇಕು?

ಕೆಲಸ ಕೆಡುವುದು ಇಲ್ಲಿಯೇ. ಕೀ ಮತ್ತು ಬೆರೆಸಿದ ಸಾಲು ಒಂದೇ ಕಂಪ್ಯೂಟರಿನಲ್ಲಿದ್ದರೆ ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಅಲ್ಲೇ ಮೊಳೆಗೆ ತೂಗುಹಾಕಿದ ಹಾಗೆ. ಎರಡೂ ಸಿಕ್ಕಿದವನು ಮೂಲ ಗುರುತನ್ನು ಕ್ಷಣದಲ್ಲಿ ಬಿಡಿಸುತ್ತಾನೆ. ಕೀ ಆಯಾ ವ್ಯಕ್ತಿಯ ಕಾರ್ಡಿನಲ್ಲೋ ಫೋನಿನಲ್ಲೋ ಇರಲಿ. ಕಾರ್ಡ್ ತಟ್ಟಿ, ಆಮೇಲೆ ಬೆರಳಿಡಲಿ. ಬೆರೆಸುವ ಕೆಲಸ ಯಂತ್ರದೊಳಗೇ ಮುಗಿಯಲಿ.

ಒಬ್ಬೊಬ್ಬರಿಗೂ ಬೇರೆ ಬೇರೆ ಕೀ ಇರಲೇಬೇಕು. ಎಲ್ಲರಿಗೂ ಒಂದೇ ಕೀ ಹಾಕಿದರೆ, ಒಬ್ಬರ ಮೂಲ ಗುರುತು ತಿಳಿದವನಿಗೆ ಕೀ ಸಿಗುತ್ತದೆ, ಕೀ ಸಿಕ್ಕಿದರೆ ಉಳಿದವರದೂ ಸಿಗುತ್ತದೆ.

ಮಾರಾಟಗಾರರು ಇದಕ್ಕೆಲ್ಲ ಲಿಖಿತ ಉತ್ತರ ಕೊಡಲಿ. ಕೆಲಸ ಬಿಟ್ಟವರ ದಾಖಲೆಯನ್ನು ಯಾವಾಗ ಅಳಿಸುತ್ತಾರೆ ಎಂಬುದೂ ಅದರಲ್ಲಿರಲಿ. ಉತ್ತರ ಬರದಿದ್ದರೆ ಬರೀ ಕಾರ್ಡ್ ಸಾಕು. ಹಾಜರಿ ಹಾಕಲು ಬೆರಳೇ ಬೇಕೆಂದೇನಿಲ್ಲ.

ನಿಮ್ಮ ಆಧಾರ್‌ಗೆ ಬೀಗ

ಆಧಾರ್‌ನಲ್ಲಿ ಬೆರಳಚ್ಚು ಯಂತ್ರದಲ್ಲೇ ಗೂಢಲಿಪಿಯಾಗುತ್ತದೆ. ಪ್ರತಿ ಸಲಕ್ಕೂ ಹೊಸ 256 ಬಿಟ್ ಕೀ, ಅಂದರೆ 0 ಮತ್ತು 1ರ 256 ಅಂಕೆಗಳ ಸಾಲು. ಆ ಕೀಯನ್ನು ಬಿಡಿಸಲು ಆಧಾರ್ ನಡೆಸುವ ಪ್ರಾಧಿಕಾರಕ್ಕೆ (ಯುಐಡಿಎಐ) ಮಾತ್ರ ಸಾಧ್ಯ. ದಾರಿಯಲ್ಲಿ ಕದ್ದರೆ ಏನೂ ಸಿಗದು. ಆದರೆ ಸಿಲಿಕೋನ್‌ನಲ್ಲಿ ಮಾಡಿದ ನಕಲಿ ಬೆರಳನ್ನೇ ಯಂತ್ರದ ಮೇಲಿಟ್ಟರೆ ಈ ಗೂಢಲಿಪಿ ತಡೆಯುವುದಿಲ್ಲ.

ಅದಕ್ಕೇ ಬಯೋಮೆಟ್ರಿಕ್ ಲಾಕ್ ಮಾಡಿ. ಮೈಆಧಾರ್ ಜಾಲತಾಣಕ್ಕೆ ಹೋಗಿ, ಆಧಾರ್ ಸಂಖ್ಯೆ ಮತ್ತು ಮೊಬೈಲಿಗೆ ಬರುವ ಒಟಿಪಿ ಹಾಕಿ, ಬಯೋಮೆಟ್ರಿಕ್ ಲಾಕ್ ಆಯ್ಕೆ ಒತ್ತಿ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಮೊದಲು ಸ್ವಲ್ಪ ಹೊತ್ತಿಗೆ ಅನ್‌ಲಾಕ್ ಮಾಡಿದರೆ ಸಾಕು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಅವರದನ್ನು ನೀವೇ ಕೂತು ಮಾಡಿಕೊಡಿ, ಅವರ ಆಧಾರ್‌ಗೆ ಸೇರಿಸಿದ ಮೊಬೈಲ್ ನಂಬರ್ ಈಗಲೂ ನಡೆಯುತ್ತಿದೆಯಾ ನೋಡಿ. ಜೆರಾಕ್ಸ್ ಕೊಡುವಾಗ ಕೊನೆಯ 4 ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಗೊತ್ತಿಲ್ಲದೆ ಹಣ ಹೋದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಅದೇ ದಿನ ಬ್ಯಾಂಕಿಗೂ ಬರೆದು ಕೊಡಿ. ತಡವಾದಷ್ಟೂ ನಷ್ಟದ ಹೊಣೆ ನಿಮ್ಮ ಮೇಲೆ ಜಾಸ್ತಿ ಬೀಳುತ್ತದೆ.