ಆಂಪ್ ಹಾಕದೆ ಕಾರಿನ ಸ್ಪೀಕರ್ ಬದಲಿಸಿದ್ದು: ನನ್ನ ಅನುಭವ

ಕಂಪನಿಯಿಂದ ಬಂದ ಸ್ಟೀರಿಯೋ ಹಾಗೇ ಇಟ್ಟು, ಆಂಪ್ (ಶಬ್ದದ ಬಲ ಹೆಚ್ಚಿಸುವ ಆಂಪ್ಲಿಫೈಯರ್) ಇಲ್ಲದೆ, ತೀರಾ ತಗ್ಗು ಸದ್ದಿನ ಸಬ್‌ವೂಫರ್ ಇಲ್ಲದೆ ಬರೀ ಮುಂದಿನ ಎರಡು ಬಾಗಿಲಿನ ಸ್ಪೀಕರ್ ಬದಲಿಸುತ್ತೇನೆ ಅಂದಾಗ ಉಡುಪಿಯಲ್ಲಿ ಕೇಳಿದ ಅಂಗಡಿಗಳಲ್ಲೆಲ್ಲ ಒಂದೇ ಉತ್ತರ: "ಆಂಪ್ ಇಲ್ಲದಿದ್ದರೆ ದುಡ್ಡು ದಂಡ ಮಾರಾಯ್ರೆ." ಅವರು ಕೊಟ್ಟ ಅಂದಾಜು ಮೂವತ್ತು ಸಾವಿರ ದಾಟಿತ್ತು. ತಪ್ಪಿ ಕೊಂಡದ್ದು ಬಿಟ್ಟರೆ ನನ್ನ ಕೆಲಸ ಮುಗಿದದ್ದು ಒಂಬತ್ತು ಸಾವಿರ ಚಿಲ್ಲರೆಯಲ್ಲಿ. ಎರಡು ಮಳೆಗಾಲ ಕಳೆದಿದೆ, ಶಬ್ದ ಹಾಗೇ ಇದೆ. ದಂಡ ಅಂದವರೇ ಈಗ ಸೀಟಿನಲ್ಲಿ ಕೂತು ಕೇಳಿ, ಆಂಪ್ ಎಲ್ಲಿಟ್ಟಿದ್ದೀರಿ ಅಂತ ಸೀಟಿನಡಿ ಕೈಹಾಕಿ ನೋಡಿದ್ದಾರೆ.

ಗಾಡಿ ಮುಂದಿನ ಬಾಗಿಲಲ್ಲಿ ಆರೂವರೆ ಇಂಚಿನ ಸ್ಪೀಕರ್ ಇರುವ ಸಣ್ಣ ಹ್ಯಾಚ್‌ಬ್ಯಾಕ್. ಮೂಲ ಸ್ಪೀಕರ್ ಪ್ಲಾಸ್ಟಿಕ್ ಫ್ರೇಮಿನದ್ದು, ಕಾಗದದ ಕೋನ್ (ಅದುರಿ ಶಬ್ದ ಹುಟ್ಟಿಸುವ ಬಟ್ಟಲು), ಮ್ಯಾಗ್ನೆಟ್ ಎರಡು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು.

ಮೊದಲ ತಪ್ಪು ಪೆಟ್ಟಿಗೆಯ ಮೇಲಿನ ವ್ಯಾಟ್ ನೋಡಿ ಕೊಂಡದ್ದು. 350 ವ್ಯಾಟ್, ತ್ರೀ-ವೇ (ಒಂದರಲ್ಲೇ ಮೂರು ಸ್ಪೀಕರ್), ಭಾರದ ಮ್ಯಾಗ್ನೆಟ್, ಸುಮಾರು 2,800 ರೂಪಾಯಿ. ಹಾಕಿದ ಮೇಲೆ ಹಳೆಯದಕ್ಕಿಂತ ಸದ್ದು ಕಡಿಮೆಯಾಯಿತು. ಕಾರಣ ಸರಳ. ಸ್ಟೀರಿಯೋ ಮೇಲೆ 50 ವ್ಯಾಟ್ ಅಂತ ಬರೆದಿದ್ದರೂ, ಇಂಜಿನ್ ಓಡುವಾಗಿನ 14.4 ವೋಲ್ಟಿನಲ್ಲಿ 4 ಓಮ್ (ವಿದ್ಯುತ್ ತಡೆಯ ಅಳತೆ) ಸ್ಪೀಕರಿಗೆ ಶಬ್ದ ಒಡೆಯದೆ ಸಿಗುವುದು 18ರಿಂದ 20 ವ್ಯಾಟ್ ಮಾತ್ರ. ಭಾರದ ಕೋನನ್ನು ಅಷ್ಟರಲ್ಲಿ ಎಬ್ಬಿಸಲು ಆಗುವುದಿಲ್ಲ. ಇಲ್ಲಿ ನೋಡಬೇಕಾದ ಅಂಕಿ ಸೆನ್ಸಿಟಿವಿಟಿ, ಅಂದರೆ ಒಂದು ವ್ಯಾಟಿಗೆ ಎಷ್ಟು ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಅನ್ನುವುದು. 87 ಡಿಬಿಯ ಸ್ಪೀಕರ್ 50 ವ್ಯಾಟಿನಲ್ಲಿ ಕೊಡುವ ಸದ್ದನ್ನು 91 ಡಿಬಿಯದ್ದು 20 ವ್ಯಾಟಿನಲ್ಲೇ ಕೊಡುತ್ತದೆ. ಆ ಅಂಕಿಯಲ್ಲೂ ಒಂದು ಮರೆ ಉಂಟು: 1 ವ್ಯಾಟಿಗೆ ಅಳೆದದ್ದೋ 2.83 ವೋಲ್ಟಿಗೆ ಅಳೆದದ್ದೋ ನೋಡಿ. 4 ಓಮ್ ಸ್ಪೀಕರಿಗೆ 2.83 ವೋಲ್ಟ್ ಅಂದರೆ 2 ವ್ಯಾಟ್, ಹಾಗಾಗಿ ಅಂಕಿಯಿಂದ 3 ಡಿಬಿ ಕಳೆಯಬೇಕು. ಆಮೇಲೆ ತಂದದ್ದು 1 ವ್ಯಾಟಿಗೆ 91 ಬರೆದಿದ್ದ ಕಾಂಪೊನೆಂಟ್ ಸೆಟ್, ಟ್ರೆಬಲ್‌ಗೆ (ಮೇಲ್ಸ್ವರಕ್ಕೆ) ಬೇರೆ ಟ್ವೀಟರ್, ಸ್ವರಗಳನ್ನು ಎರಡಕ್ಕೂ ಹಂಚುವ ಬೇರೆ ಕ್ರಾಸೋವರ್, 5,800ರ ಆಸುಪಾಸು.

ಅದನ್ನು ಬರಿದೇ ಸ್ಕ್ರೂ ಹಾಕಿ ಕೂರಿಸಿದ್ದರೆ ಅಂಗಡಿಯವರ ಮಾತೇ ನಿಜವಾಗುತ್ತಿತ್ತು. ಕಾರಿನಲ್ಲಿ ಸ್ಪೀಕರಿನ ಪೆಟ್ಟಿಗೆ ಅಂದರೆ ಬಾಗಿಲು. ಒಳತಗಡಿನಲ್ಲಿ ಅಂಗೈ ಅಗಲದ ತೂತುಗಳು, ಹೊರತಗಡು ಬೆರಳಲ್ಲಿ ಬಡಿದರೆ ಡಬ್ಬದ ಹಾಗೆ ಟಣ್ ಅನ್ನುತ್ತದೆ. ಕೋನ್ ಮುಂದಕ್ಕೆ ತಳ್ಳಿದ ಗಾಳಿ ಆ ತೂತುಗಳ ಮೂಲಕ ಹಿಂದಿನದರೊಡನೆ ಸೇರಿ ಬೇಸ್ (ತಗ್ಗು ಸದ್ದು) ಅಲ್ಲಲ್ಲೇ ರದ್ದಾಗುತ್ತದೆ. ಹಾಗಾಗಿ ನನ್ನ ಸಮಯದ ಮುಕ್ಕಾಲು ಪಾಲು ಹೋದದ್ದು ಬಾಗಿಲಿಗೆ.

ರಿಂಗ್‌ನಿಂದ ಶುರು ಮಾಡುತ್ತೇನೆ, ಅಂದರೆ ತಗಡಿಗೂ ಸ್ಪೀಕರಿಗೂ ನಡುವೆ ಕೂರುವ ಬಳೆ. ಗಾಜು ಪೂರ್ತಿ ಇಳಿಸಿ, ತಗಡಿನಿಂದ ಗಾಜಿನವರೆಗೆ ಸ್ಕೇಲ್ ಇಟ್ಟಾಗ 52 ಮಿ.ಮೀ. ಸಿಕ್ಕಿತು. ಹೊಸ ಸ್ಪೀಕರಿನ ಆಳ 62. 12 ಮಿ.ಮೀ. ರಿಂಗ್ ಹಾಕಿದರೆ 2 ಮಿ.ಮೀ. ಉಳಿಯುತ್ತದೆ, ಬಾಗಿಲು ಜೋರಾಗಿ ಮುಚ್ಚಿದಾಗ ಗಾಜು ಅಲುಗಿ ಮ್ಯಾಗ್ನೆಟ್‌ಗೆ ತಾಗುತ್ತದೆ. 18 ಮಿ.ಮೀ. ಹಾಕಿದ್ದರಿಂದ 8 ಉಳಿಯಿತು. ಮುಂದೆ ಬಾಗಿಲಿನ ಒಳಹೊದಿಕೆಯಾದ ಟ್ರಿಮ್‌ನ ಜಾಲರಿಗೆ ತಾಗುತ್ತದೋ ಇಲ್ಲವೋ ನೋಡಲು ಮಕ್ಕಳು ಆಡುವ ಕ್ಲೇ ಉಂಡೆ ನಾಲ್ಕು ಕಡೆ ಅಂಟಿಸಿ, ಟ್ರಿಮ್ ಒತ್ತಿ ತೆಗೆದು, ಚಪ್ಪಟೆಯಾದ ಕ್ಲೇಯ ದಪ್ಪ ಅಳೆದೆ. 4 ಮಿ.ಮೀ. ಇದ್ದರೂ ಕೋನ್ ಆಡಲು ಸಾಕಾಗದು. ನನಗೆ 9 ಸಿಕ್ಕಿತು.

ಮೊದಲು ಮಾಡಿಸಿದ ರಿಂಗ್ ಮರದ ಪುಡಿ ಒತ್ತಿ ಮಾಡುವ ಎಂಡಿಎಫ್‌ನದ್ದು. ಮೇಲೆ ಬಣ್ಣ ಹೊಡೆದಿದ್ದೆ. ಜೂನ್‌ನಲ್ಲಿ ಹಾಕಿ ಆಗಸ್ಟ್‌ನಲ್ಲಿ ಬಿಚ್ಚಿದಾಗ ಕೆಳಗಿನ ಅರ್ಧ ನೀರಿಗೆ ಬಿದ್ದ ರಸ್ಕಿನ ಹಾಗೆ ಉಬ್ಬಿತ್ತು, ಸ್ಕ್ರೂ ಕೈಯಲ್ಲೇ ಬಂತು. ನಮ್ಮ ಕರಾವಳಿಯ ಮಳೆಗೆ ಬಾಗಿಲೊಳಗೆ ನೀರು ಇಳಿಯುವುದು ದಿನನಿತ್ಯದ ವಿಷಯ. ಎರಡನೆಯದನ್ನು ನೀರು ತಾಳುವ 18 ಮಿ.ಮೀ. ಮರೀನ್ ಪ್ಲೈನಲ್ಲಿ ಕೊರೆಸಿದೆ. ಒಳವ್ಯಾಸ 143 ಮಿ.ಮೀ., ಹಿಂದಿನ ಅಂಚನ್ನು 45 ಡಿಗ್ರಿಯಲ್ಲಿ ತರಿದು ಕೋನಿನ ಹಿಂಭಾಗಕ್ಕೆ ಗಾಳಿ ಬಿಟ್ಟದ್ದು, ಮೂರು ಕೋಟ್ ಪಿಯು (ಪಾಲಿಯುರೆಥೇನ್) ವಾರ್ನಿಷ್, ತೂತುಗಳ ಒಳಗೂ ಸೇರಿ. ತಗಡಿಗೆ ಸ್ಕ್ರೂ ಬದಲು ಸ್ಟೀಲ್ ಬೋಲ್ಟ್, ನಡುವೆ ಬ್ಯುಟೈಲ್ (ಅಂಟು ರಬ್ಬರ್) ಹುರಿ. ರಿಂಗ್ ಕೂರಿಸುವ ಮುನ್ನ ಅದರ ಒಳಮೈಗೆ ನಾನು ಮಾಡುವ ಇನ್ನೊಂದು ಕೆಲಸ ಉಂಟು. ಮಿಡ್ (ನಡುಸ್ವರದ) ಶಬ್ದ ತಿಳಿಯಾಗುವುದು ಅದರಿಂದಲೇ, ಅದನ್ನು ಇಲ್ಲಿ ಬರೆಯುವುದಿಲ್ಲ.

ತಗಡಿಗೆ ಡ್ರಿಲ್ ಹಾಕುವಾಗ ಸ್ಪೀಕರ್ ಹತ್ತಿರ ಇಡಬೇಡಿ. ಕಬ್ಬಿಣದ ಪುಡಿ ಮ್ಯಾಗ್ನೆಟ್‌ಗೆ ಅಂಟಿ ಕಾಯಿಲ್ ಸಂದಿಗೆ ಹೋದರೆ ಆಮೇಲೆ ಕರಕರ ಅನ್ನುವ ಶಬ್ದಕ್ಕೆ ಮದ್ದಿಲ್ಲ.

ತಗಡಿನ ಅದುರುವಿಕೆ ತಡೆಯಲು ಅಂಟಿಸುವ ಡ್ಯಾಂಪಿಂಗ್ ಶೀಟಿನಲ್ಲಿ ಉಳಿತಾಯ ಮಾಡಲು ಹೋಗಿ ಒಂದು ವಾರಾಂತ್ಯ ಹಾಳು. ಹಾರ್ಡ್‌ವೇರ್ ಅಂಗಡಿಯಲ್ಲಿ ತಾರಸಿ ಸೋರಿಕೆಗೆ ಹಚ್ಚುವ ಅಲ್ಯುಮಿನಿಯಂ ಟೇಪ್ ಸಿಗುತ್ತದಲ್ಲ, ನೋಡಲು ಹಾಗೇ ಇರುತ್ತದೆ, ಬೆಲೆ ಕಾಲು ಪಾಲು. ಅದು ಡಾಂಬರಿನದ್ದು. ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಬಾಗಿಲಲ್ಲಿ ಜಾರಿ ಗಾಜಿನ ಚಾನೆಲ್ ಮೇಲೆ ಕೂತಿತು. ವಾಸನೆ ಹೋಗಲು ತಿಂಗಳು ಹಿಡಿಯಿತು, ಕಿತ್ತು ತೆಗೆಯಲು ಸೀಮೆಎಣ್ಣೆ ಬೇಕಾಯಿತು. ಕಡೆಗೆ 2 ಮಿ.ಮೀ. ಬ್ಯುಟೈಲ್ ಶೀಟೇ ತಂದೆ, ಎರಡು ಬಾಗಿಲಿಗೆ ಸುಮಾರು ಒಂದೂವರೆ ಚದರ ಮೀಟರ್, 2,200 ರೂಪಾಯಿ. ಬಾಗಿಲೊಂದಕ್ಕೆ ಎರಡೂವರೆ ಕಿಲೋ ತೂಕ ಸೇರುತ್ತದೆ, ಹಿಂಜಿಗೆ ಅದೇನೂ ಹೊರೆಯಲ್ಲ.

ಹೊರತಗಡನ್ನು ಪೂರ್ತಿ ಮುಚ್ಚುವುದು ಶೀಟಿಗೆ ದಂಡ. ಸ್ಪೀಕರಿನ ನೇರ ಹಿಂದೆ ಒಂದು ದೊಡ್ಡ ತುಂಡು, ಆಮೇಲೆ ಬೆರಳಲ್ಲಿ ಬಡಿದು ಟಣ್ ಅನ್ನುವ ಕಡೆ ತುಂಡುಗಳು, ಒಟ್ಟು ಮೂರನೇ ಒಂದು ಭಾಗ ಮುಚ್ಚಿದರೆ ಟಣ್ ಹೋಗಿ ಡಬ್ ಆಗುತ್ತದೆ. ಮೊದಲು ಧೂಳು, ಮೇಣ ಹೋಗುವ ಹಾಗೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ ಎರಡು ಸಲ ಒರೆಸಿ. ರೋಲರ್‌ನಲ್ಲಿ ಹಾಳೆಯ ಮೇಲಿನ ಉಬ್ಬು ಅಚ್ಚು ಮಾಯವಾಗುವವರೆಗೆ ಒತ್ತಿ. ಬಾಗಿಲಿನ ತಳದ ನೀರಿಳಿಯುವ ತೂತುಗಳಿಗೆ ಶೀಟ್ ತಾಗಬಾರದು, ತಾಗಿದರೆ ಒಳಗೇ ತುಕ್ಕು.

ಒಳತಗಡಿನ ದೊಡ್ಡ ತೂತುಗಳ ಮೇಲೆ ಬರೀ ಶೀಟ್ ಎಳೆದರೆ ಅದು ತಮಟೆಯ ಚರ್ಮದ ಹಾಗೆ ಅದುರುತ್ತದೆ. 1 ಮಿ.ಮೀ. ಅಲ್ಯುಮಿನಿಯಂ ತಗಡು ಕತ್ತರಿಸಿ, ಅಂಚಿಗೆ ಬ್ಯುಟೈಲ್ ಹುರಿ ಇಟ್ಟು, ಸಣ್ಣ ಬೋಲ್ಟಿನಲ್ಲಿ ಬಿಗಿದೆ. ನಾಳೆ ವಿಂಡೋ ಮೋಟರ್ ಕೈಕೊಟ್ಟರೆ ಬಿಚ್ಚಲು ಬರಬೇಕಲ್ಲ. ಇದೇ ಮಳೆನೀರಿಗೂ ತಡೆ. ಮೊದಲ ಸಲ ಕಂಪನಿಯ ಪ್ಲಾಸ್ಟಿಕ್ ಹಾಳೆಯನ್ನು ರಿಂಗ್ ಸುತ್ತ ಕತ್ತರಿಸಿ ಹಾಗೇ ಬಿಟ್ಟಿದ್ದೆ, ಜುಲೈಯಲ್ಲಿ ಕಾಲಡಿಯ ಕಾರ್ಪೆಟ್ ಹಿಂಡಿದರೆ ನೀರು ಬರುತ್ತಿತ್ತು.

ಟ್ರಿಮ್ ಬಿಚ್ಚುವಾಗ ಎಚ್ಚರ ಬೇಕು. ಹಿಡಿಕೆಯ ಕುಳಿಯ ತಳದ ಸ್ಕ್ರೂ ಮರೆತು ಎಳೆದರೆ ಟ್ರಿಮ್ ಸೀಳುತ್ತದೆ, ಕ್ಲಿಪ್ ಹತ್ತು ಹೆಚ್ಚಿಗೆ ತಂದಿಡಿ. ಕೆಲವು ಗಾಡಿಗಳ ಬಾಗಿಲೊಳಗೆ ಏರ್‌ಬ್ಯಾಗ್ ಸೆನ್ಸರ್ ಇರುತ್ತದೆ. ಕನೆಕ್ಟರ್ ಕಳಚಿರುವಾಗ ಚಾವಿ ಆನ್ ಮಾಡಿದರೆ ಮೀಟರಿನಲ್ಲಿ ಕೆಂಪು ದೀಪ ಉಳಿದುಕೊಳ್ಳುತ್ತದೆ.

ವೈರಿಗೆ ದುಡ್ಡು ಹಾಕಿಲ್ಲ. 20 ವ್ಯಾಟಿಗೆ ಕಂಪನಿಯ ತೆಳು ವೈರ್ ಸಾಕು, ನಷ್ಟ ಅರ್ಧ ಡಿಬಿಯ ಆಚೀಚೆ. ಅದನ್ನು ಕತ್ತರಿಸದೆ ಜೋಡಿಸಲು 250 ರೂಪಾಯಿಯ ಕಪ್ಲರ್ ಹಾಕಿದೆ. ಕ್ರಾಸೋವರ್‌ಗೆ ಫೋಮ್ ಸುತ್ತಿ, ಜಿಪ್ ಕವರಿನಲ್ಲಿ ಬಾಯಿ ಕೆಳಗಾಗಿ, ಒಳತಗಡಿನ ಮೇಲ್ಭಾಗಕ್ಕೆ ಕಟ್ಟಿದ್ದೇನೆ. ಕಂಪನಿಯ ಹಳೇ ಟ್ವೀಟರ್ ಇದ್ದರೆ ಕಳಚಲೇಬೇಕು. ಅದೂ ಇದೂ ಸೇರಿದರೆ ಟ್ರೆಬಲ್ ಕಡೆ ಓಮ್ ಇಳಿದು ಸ್ಟೀರಿಯೋ ಬಿಸಿಯಾಗುತ್ತದೆ. ಧನ ಋಣ ನೋಡಲು ವೂಫರಿಗೆ (ಸೆಟ್ಟಿನ ದೊಡ್ಡ ಸ್ಪೀಕರಿಗೆ) ಒಂದೂವರೆ ವೋಲ್ಟಿನ ಬ್ಯಾಟರಿ, ಧನಕ್ಕೆ ಧನ, ಒಂದು ಕ್ಷಣ ತಾಗಿಸಿ, ಕೋನ್ ಹೊರಕ್ಕೆ ಬರಬೇಕು. ಟ್ವೀಟರಿಗೆ ನೇರ ತಾಗಿಸಬೇಡಿ. ಒಂದು ಬಾಗಿಲು ಉಲ್ಟಾ ಆದರೆ ಹಾಡುವವರ ದನಿ ನಡುವೆ ನಿಲ್ಲದೆ ತೇಲುತ್ತದೆ, ಬೇಸ್ ಎಲ್ಲಿ ಹೋಯಿತೆಂದೇ ತಿಳಿಯದು. ಟ್ವೀಟರ್ ಕನ್ನಡಿಯ ಒಳಬದಿಯ ತ್ರಿಕೋನದಲ್ಲಿದೆ. ಯಾವ ಕೋನಕ್ಕೆ ತಿರುಗಿಸಿದ್ದೇನೆ ಎಂಬುದಕ್ಕೆ ಮೂರು ಭಾನುವಾರ ಹೋಗಿವೆ, ಅದು ನನ್ನಲ್ಲೇ ಇರಲಿ.

ಸ್ಪೀಕರಿನ ಮುಂಭಾಗಕ್ಕೂ ಟ್ರಿಮ್‌ನ ಜಾಲರಿಗೂ ನಡುವೆ 10 ಮಿ.ಮೀ. ಫೋಮ್ ಉಂಗುರ ಅಂಟಿಸಿದ್ದು ನೂರೈವತ್ತು ರೂಪಾಯಿಯ ಕೆಲಸ. ಇಡೀ ಕೆಲಸದಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಲಾಭ ಅದರಿಂದಲೇ ಅನ್ನುತ್ತೇನೆ. ಇಲ್ಲದಿದ್ದರೆ ಅರ್ಧ ಶಬ್ದ ಟ್ರಿಮ್ ಹಿಂದೆಯೇ ಸುತ್ತುತ್ತದೆ.

ಸ್ಟೀರಿಯೋದಲ್ಲಿ ಹೈಪಾಸ್ (ತೀರಾ ತಗ್ಗು ಸದ್ದು ಸ್ಪೀಕರಿಗೆ ಹೋಗದಂತೆ ತಡೆಯುವ) ಸೆಟ್ಟಿಂಗ್ ಇಲ್ಲ. ಅದರ ಬದಲಿಗೆ ಕೆಪಾಸಿಟರ್ ಹಾಕಬಹುದು. 1000 ಮೈಕ್ರೋಫ್ಯಾರಡ್‌ನ ಎರಡು ಮಾಮೂಲಿ ಕೆಪಾಸಿಟರ್‌ಗಳನ್ನು ಋಣಕ್ಕೆ ಋಣ ಬೆಸೆದರೆ 500ರ ನಾನ್‌ಪೋಲಾರ್ ಆಗುತ್ತದೆ, 4 ಓಮ್‌ಗೆ ಲೆಕ್ಕದಲ್ಲಿ 80 ಹರ್ಟ್ಜ್‌ನ ಕೆಳಗಿನದನ್ನು ತಡೆಯಬೇಕು. ಹಾಕಿ ನೋಡಿದೆ. ವೂಫರ್ ತಾನಾಗಿ ಹೆಚ್ಚು ಅದುರುವ ಸ್ವರ (ಅನುರಣನ) 70 ಹರ್ಟ್ಜ್ ಹತ್ತಿರ, ಅಲ್ಲಿ ಅದರ ಓಮ್ 4 ಇರುವುದಿಲ್ಲ, ಹಲವು ಪಟ್ಟು ಏರಿರುತ್ತದೆ. ಲೆಕ್ಕ ತಪ್ಪಿ ಬೇಸ್ ಗುಮ್ಮೆಂದು ಉಬ್ಬಿತು. ಎರಡೇ ದಿನದಲ್ಲಿ ತೆಗೆದೆ. ಬಾಗಿಲು ಬಿಗಿಯಾದ ಮೇಲೆ ಸ್ಟೀರಿಯೋದ ಬೇಸ್ ಐದರಿಂದ ಒಂದಕ್ಕೆ ಇಳಿಸಿದ್ದೇನೆ, ಅಷ್ಟೇ ಸಾಕಾಗಿದೆ. ಹಿಂದಿನ ಸ್ಪೀಕರ್ ಮುಟ್ಟಲೇ ಇಲ್ಲ, ಮುಂದೆ ಹಿಂದೆ ಸದ್ದು ಹಂಚುವ ಫೇಡರ್ ಮುಂದಕ್ಕೆ ನಾಲ್ಕು ಕಡ್ಡಿ.

ಪರೀಕ್ಷೆಗೆ ಯಕ್ಷಗಾನಕ್ಕಿಂತ ಒಳ್ಳೆಯದಿಲ್ಲ. ಚೆಂಡೆಯ ಪೆಟ್ಟು ಕಿವಿಗೆ ಚುಚ್ಚದೆ ಗರಿಗರಿಯಾಗಿ ಬರಬೇಕು, ಅದರಡಿ ಮದ್ದಳೆಯ ನಾದ ಮುಳುಗಬಾರದು, ಭಾಗವತರ ದನಿ ಡ್ಯಾಶ್‌ಬೋರ್ಡಿನ ನಡುವೆ ನಿಲ್ಲಬೇಕು. ಮೂರೂ ಈಗ ಸಿಗುತ್ತವೆ. 60 ಹರ್ಟ್ಜ್‌ನ ಕೆಳಗೆ ಏನೂ ಇಲ್ಲ, ಅದು ಬೇಕೆಂದರೆ ಸಬ್ ಹಾಕಲೇಬೇಕು.

ಟ್ರಿಮ್ ಮುಚ್ಚಿದ ಮೇಲೆ ಫೋನಿನ ಟೋನ್ ಆ್ಯಪಿನಲ್ಲಿ 40ರಿಂದ 200 ಹರ್ಟ್ಜ್‌ವರೆಗೆ ನಿಧಾನ ಏರಿಸುತ್ತಾ ಅದುರುವುದನ್ನು ಹುಡುಕಿದೆ. 85ರಲ್ಲಿ ಲಾಕ್ ಸರಳು. ಬಟ್ಟೆ ಟೇಪ್ ಸುತ್ತಿದೆ. 110ರಲ್ಲಿ ಸ್ವಿಚ್ಚಿನ ವೈರ್ ಕಟ್ಟು. 130ರ ಸದ್ದು ಬಲಬಾಗಿಲಿನದ್ದೆಂದು ಎರಡು ಸಲ ಟ್ರಿಮ್ ತೆಗೆದೆ. ಸಿಕ್ಕಿದ್ದು ಕನ್ನಡಕದ ಪೆಟ್ಟಿಗೆಯ ಮುಚ್ಚಳ, ಒಂದು ಚೂರು ಫೋಮ್ ಇಟ್ಟ ಮೇಲೆ ನಿಂತಿತು.