ಎರಡು ಜಿಬಿ ಯಂತ್ರದಲ್ಲಿ ಐದು ವಿವರ ಟ್ಯಾಬ್‌ಗಳು: ನನ್ನ ಅನುಭವ

ಸಾಗರದ ಅಡಿಕೆ ಮಂಡಿಯೊಂದಕ್ಕೆ ಲಜಾರಸ್ (ಪಾಸ್ಕಲ್ ಭಾಷೆಯಲ್ಲಿ ತಂತ್ರಾಂಶ ಬರೆಯುವ ಸಾಧನ) ಮತ್ತು ಎಸ್‌ಕ್ಯೂಲೈಟ್ (ಒಂದೇ ಕಡತದಲ್ಲಿ ಮಾಹಿತಿ ಇಡುವ ಡೇಟಾಬೇಸ್) ಬಳಸಿ ನಾನು ಬರೆದುಕೊಟ್ಟ ಖಾತೆ ತಂತ್ರಾಂಶವು ಎರಡು ಹಂಗಾಮುಗಳನ್ನು ದಾಟಿದೆ. ಮೇಲೆ ಬೆಳೆಗಾರರ ಗ್ರಿಡ್, ಕೆಳಗೆ ಆವಕ, ಮಾರಾಟ, ಮುಂಗಡ, ಹಮಾಲಿ ಮತ್ತು ದಾಖಲೆ ಚಿತ್ರಗಳ ಐದು ಟ್ಯಾಬ್‌ಗಳಿದ್ದರೂ ಅದು 70 ಎಂಬಿ ಮೆಮೊರಿಯ ಆಸುಪಾಸಿನಲ್ಲಿಯೇ ನಡೆಯುತ್ತಿದೆ. ಟ್ಯಾಬ್ ತೆರೆದಾಗ ಮಾತ್ರ ವಿವರವನ್ನು ತರಿಸುತ್ತೇನೆ ಎಂದಾಗ, ಗುಮಾಸ್ತರು ಪ್ರತಿ ಸಲವೂ ಕಾಯಬೇಕಾಗಿ ಬಂದು ಎರಡೇ ದಿನಕ್ಕೆ ಬೇಸತ್ತು ಬಿಡುತ್ತಾರೆ ಎಂದು ಇದೇ ಕೆಲಸದಲ್ಲಿರುವ ಗೆಳೆಯರು ಹೇಳಿದ್ದರು.

ಮೊದಲ ಆವೃತ್ತಿಯಲ್ಲಿ ಐದೂ ಟ್ಯಾಬ್‌ಗಳ ಕ್ವೆರಿಗಳನ್ನು (ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಆದೇಶಗಳನ್ನು) ಆರಂಭದಲ್ಲೇ ಪೂರ್ತಿ ತೆರೆದು, ಬೆಳೆಗಾರ ಬದಲಾದಂತೆ ಫಿಲ್ಟರ್ ಮಾಡುತ್ತಿದ್ದೆ. ಬೆಳಿಗ್ಗೆ ತೆರೆಯಲು ಒಂದೂವರೆ ನಿಮಿಷ ಹಿಡಿಯುತ್ತಿತ್ತು, ಮೆಮೊರಿ ಸುಮಾರು 600 ಎಂಬಿ ಮುಟ್ಟುತ್ತಿತ್ತು. ಟೆಂಡರ್ ದಿನ ಬಿಲ್ ಮುದ್ರಿಸುವ ಹೊತ್ತಿಗೆ ಎರಡು ಜಿಬಿ ಮೆಮೊರಿಯ, ವಿಂಡೋಸ್ 7ರ ಹಳೆಯ ಯಂತ್ರಗಳು ನಿಂತೇಬಿಡುತ್ತಿದ್ದವು. ಯಜಮಾನರು ಕೊನೆಯ ಕಂತಿನ 18,000 ರೂಪಾಯಿ ತಡೆಹಿಡಿದರು. "ರ‍್ಯಾಮ್ ಹಾಕ್ಸೋದಾದ್ರೆ ಆ ದುಡ್ಡು ನಿಮ್ಮ ಲೆಕ್ಕದಲ್ಲೇ ಮುರ್ಕೊಳ್ತೀನಿ" ಎಂದರು. ಆರು ಯಂತ್ರಗಳಿಗೆ ಅದು ಹತ್ತು ಸಾವಿರದ ಹತ್ತಿರ ಬರುತ್ತಿತ್ತು.

ಮೂರು ರಾತ್ರಿ ಹುಡುಕಿದ ಮೇಲೆ ತಪ್ಪು ಸಿಕ್ಕಿದ್ದು ಟೇಬಲ್ ರಚನೆಯಲ್ಲಿ. ಎಲ್ಲ ಪಠ್ಯ ಕಾಲಂಗಳಿಗೂ ವಿಚಾರವಿಲ್ಲದೆ 255ರ ವಾರ್‌ಚಾರ್ (ಗರಿಷ್ಠ 255 ಅಕ್ಷರಗಳ ಪಠ್ಯ) ಕೊಟ್ಟಿದ್ದೆ. ತಂದ ಸಾಲುಗಳನ್ನು ಮೆಮೊರಿಯಲ್ಲಿ ಹಿಡಿದಿಡುವ ಲಜಾರಸ್‌ನ ಡೇಟಾಸೆಟ್ ತನ್ನ ಬಫರ್‌ನಲ್ಲಿ ಯುಟಿಎಫ್-8 ಎಂಬ ಯೂನಿಕೋಡ್ ಸಂಕೇತಕ್ರಮಕ್ಕಾಗಿ ಪ್ರತಿ ಅಕ್ಷರಕ್ಕೆ ನಾಲ್ಕು ಬೈಟ್ ಕಾದಿರಿಸುವುದರಿಂದ, ಒಳಗೆ "ರಾಶಿ" ಎಂಬ ಅಡಿಕೆ ಬಗೆಯ ಹೆಸರಷ್ಟೇ ಇದ್ದರೂ ಆ ಕಾಲಂಗೆ ಒಂದು ಕೆಬಿ ಹೋಗುತ್ತಿತ್ತು. ಅಂಥ ಆರು ಕಾಲಂಗಳು, ಅರವತ್ತು ಸಾವಿರ ಸಾಲುಗಳು ಎಂದರೆ 360 ಎಂಬಿ ಅಲ್ಲಿಗೇ ಮುಗಿಯಿತು. ರಾಶಿ, ಬೆಟ್ಟೆ, ಗೊರಬಲು ಎಂಬ ಬಗೆಗಳನ್ನು ಅಂಕೆಗಳಾಗಿಸಿ ಬೆಳೆಗಾರರ ಹೆಸರಿನ ಕಾಲಂ ಅನ್ನು 30 ಅಕ್ಷರಕ್ಕೆ ಇಳಿಸಿದೆ. ಆಗ ಇನ್ನೊಂದು ಪೆಟ್ಟು ಬಿತ್ತು: "ಲಕ್ಷ್ಮೀನಾರಾಯಣ" ಕಣ್ಣಿಗೆ ಆರೇ ಅಕ್ಷರವಾದರೂ ಯೂನಿಕೋಡ್ ಲೆಕ್ಕದಲ್ಲಿ 13 ಆಗುತ್ತದೆ, ತಂದೆಯ ಹೆಸರೂ ಸೇರಿದಾಗ ಬಿಲ್ಲಿನಲ್ಲಿ ಹೆಸರು ಅರ್ಧಕ್ಕೆ ತುಂಡಾಯಿತು. 60 ಕೊಟ್ಟ ಮೇಲೆ ಸರಿಹೋಯಿತು.

ನಂತರ ವಿವರ ಟ್ಯಾಬ್‌ಗಳ (ಡೀಟೇಲ್) ಕ್ವೆರಿಗಳನ್ನು ಬೆಳೆಗಾರರ ಪಟ್ಟಿಯ (ಮಾಸ್ಟರ್) ಡೇಟಾಸೋರ್ಸ್‌ಗೆ ಕಟ್ಟಿದೆ; ಹೀಗೆ ಕಟ್ಟಿದರೆ ಪಟ್ಟಿಯಲ್ಲಿ ಹೆಸರು ಬದಲಾದೊಡನೆ ಅವು ತಾವಾಗಿಯೇ ಮತ್ತೆ ಓಡುತ್ತವೆ. ಗುಮಾಸ್ತರು ಕೆಳಬಾಣದ ಕೀಲಿಯನ್ನು ಒತ್ತಿ ಹಿಡಿದರೆ ದಾಟುವ ಪ್ರತಿ ಹೆಸರಿಗೂ ಐದು ಕ್ವೆರಿಗಳು ಓಡಿ, ಪರದೆ ತಡವರಿಸುತ್ತಿತ್ತು. ಆ ಕಟ್ಟನ್ನು ಬಿಚ್ಚಿ 300 ಮಿಲಿಸೆಕೆಂಡಿನ ಟೈಮರ್ ಇಟ್ಟೆ. ಕರ್ಸರ್ ಒಂದು ಹೆಸರಿನ ಮೇಲೆ ಅಷ್ಟು ಹೊತ್ತು ನಿಂತರೆ ಮಾತ್ರ, ಅದೂ ಎದುರಿಗಿರುವ ಟ್ಯಾಬ್‌ನ ಕ್ವೆರಿಯಷ್ಟೇ ತೆರೆಯುತ್ತದೆ. ಟ್ಯಾಬ್ ಬಿಟ್ಟೊಡನೆ ಮುಚ್ಚುತ್ತದೆ. ಬೆಳೆಗಾರರ ಸಂಖ್ಯೆ ಮತ್ತು ದಿನಾಂಕ ಸೇರಿದ ಜಂಟಿ ಇಂಡೆಕ್ಸ್ (ಬೇಗ ಹುಡುಕಲು ನೆರವಾಗುವ ಸೂಚಿ) ಇರುವುದರಿಂದ ಒಬ್ಬರ ಇನ್ನೂರು ಸಾಲುಗಳು ಬಂದದ್ದೇ ತಿಳಿಯುವುದಿಲ್ಲ. ಚಿತ್ರಗಳನ್ನು ಬೇರೆ ಟೇಬಲ್‌ಗೆ ಸರಿಸಿ ಒಂದೊಂದಾಗಿ ತರಿಸುತ್ತೇನೆ. ವಿವರ ತೆರೆಯದೆಯೇ ಪ್ರತಿ ಹೆಸರಿನ ಪಕ್ಕ ಬಾಕಿ ಮೊತ್ತ ಕಾಣುವುದು ಹೇಗೆಂಬುದನ್ನು ಮಾತ್ರ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅದನ್ನು ನೋಡಿಯೇ ಇನ್ನೆರಡು ಮಂಡಿಯವರು ನನ್ನನ್ನು ಕರೆದರು.

ನಡುವೆ ಎಸ್‌ಕ್ಯೂಲೈಟ್‌ನ ಕ್ಯಾಶೆಯನ್ನು (ಓದಿದ ಮಾಹಿತಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿಯನ್ನು) ಎರಡು ಎಂಬಿಯಿಂದ 64ಕ್ಕೆ ಏರಿಸಿಯೂ ನೋಡಿದೆ, ಏನೂ ಗಿಟ್ಟಲಿಲ್ಲ. ಬೆಳೆಗಾರರ ಪಟ್ಟಿಯನ್ನು ಆಫ್‌ಸೆಟ್ (ಮೊದಲ ಇಷ್ಟು ಸಾಲು ಬಿಡು ಎಂಬ ಸೂಚನೆ) ಬಳಸಿ ಪುಟಪುಟವಾಗಿ ತರಿಸಿದಾಗ, ಬಿಟ್ಟ ಸಾಲುಗಳನ್ನೂ ಅದು ದಾಟಿಯೇ ಬರಬೇಕಾದ್ದರಿಂದ ಕೊನೆಯ ಪುಟಗಳು ನಿಧಾನವಾದವು. ಹಿಂದಿನ ಪುಟದ ಕೊನೆಯ ಹೆಸರಿನಿಂದ ಮುಂದಕ್ಕೆ ಕೇಳುವ ಕ್ರಮವೇ ಉಳಿಯಿತು.

ಯಂತ್ರಗಳಿಗೆ ರ‍್ಯಾಮ್ ಹಾಕಿಸಲಿಲ್ಲ. ಮರು ಹಂಗಾಮಿನ ಮೊದಲ ಟೆಂಡರ್ ಮುಗಿದ ಸಂಜೆ, ಯಜಮಾನರು ಗಲ್ಲಾಪೆಟ್ಟಿಗೆಯಿಂದಲೇ ಹದಿನೆಂಟು ಸಾವಿರ ಎಣಿಸಿಕೊಟ್ಟರು.